ಪದ ಬೇಕು: ಗ್ರಾಫಿಕ್ಸ್ ಕಾರ್ಡಿನ ಮೂರು ಬೆಲೆಗೆ ಮೂರು ಹೆಸರು (ಶನಿವಾರದೊಳಗೆ)

(ಮಾತಾಡಿದವರ ಹೆಸರಿನ ಬದಲು ಅವರ ಊರಿನ ಹೆಸರು ಹಾಕಿದೆ.)

ತುಮಕೂರು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಕೆಲಸ. ಬಿ.ಎಚ್. ರಸ್ತೆಯಲ್ಲಿ ಗೆಳೆಯನ ಕಂಪ್ಯೂಟರ್ ಅಂಗಡಿ ಇದೆ. ಇಂಜಿನಿಯರಿಂಗ್ ಹುಡುಗರು ಬಂದು, ಬಿಡಿಭಾಗ ಆರಿಸಿ, ಪಿಸಿ ಕಟ್ಟಿಸಿಕೊಂಡು ಹೋಗುತ್ತಾರೆ. ಬುಧವಾರ (2025ರ ಮಾರ್ಚ್ 5) ಎನ್‌ವಿಡಿಯಾದ ಆರ್‌ಟಿಎಕ್ಸ್ 5070 ಗ್ರಾಫಿಕ್ಸ್ ಕಾರ್ಡು (ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಭಾಗ) ಬಿಡುಗಡೆ ಆಯಿತು. ಗುರುವಾರ ಎದುರಾಳಿ ಕಂಪನಿ ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ. ಅಲ್ಲಿಂದ ಒಂದೇ ಜಗಳ. ‘5070ಕ್ಕೆ 59 ಸಾವಿರ ಅಂತ ಜನವರಿಯಲ್ಲೇ ಹೇಳಿದ್ದಾರೆ, ನೀವ್ಯಾಕೆ ಜಾಸ್ತಿ ಕೇಳ್ತೀರಾ?’ ಅಂತ ಹುಡುಗರು. ‘ಡಬ್ಬಿ ನೋಡಪ್ಪ, ಅದರ ಮೇಲೆ ಇನ್ನೂ ಜಾಸ್ತಿ ಇದೆ, ನಾನು ಕಮ್ಮಿಗೇ ಕೊಡ್ತಿದೀನಿ’ ಅಂತ ಗೆಳೆಯ. ಇಬ್ಬರದೂ ನಿಜವೇ. ಎಲ್ಲಕ್ಕೂ ‘ಬೆಲೆ’ ಅಂತಲೇ ಕರೆಯುತ್ತಿರುವುದು ತೊಂದರೆ.

ಗೋಡೆಗೆ ಒಂದು ಫಲಕ ಬರೆಸೋಣ ಅಂತಿದ್ದೇವೆ. ಬೇಕಾಗಿರುವುದು ಮೂರು ಪದ. ಒಂದು, ಕಂಪನಿ ವೇದಿಕೆ ಮೇಲೆ ನಿಂತು ಹೇಳಿದ ಬೆಲೆ, ಅಂದರೆ ಎಂಎಸ್‌ಆರ್‌ಪಿ. ಎರಡು, ಡಬ್ಬಿ ಮೇಲೆ ಅಚ್ಚಾದ ಎಂಆರ್‌ಪಿ. ಮೂರು, ಇವತ್ತು ಅಂಗಡಿಯಲ್ಲಿ ನಿಜವಾಗಿ ನಡೆಯುವ ಬೆಲೆ. ನಾನು ಬರೆದ ಕರಡು ಹೀಗಿದೆ: ಸೂಚಿತ ಚಿಲ್ಲರೆ ಬೆಲೆ, ಗರಿಷ್ಠ ಚಿಲ್ಲರೆ ಬೆಲೆ, ಪ್ರಸ್ತುತ ಚಿಲ್ಲರೆ ಬೆಲೆ. ಗೆಳೆಯ ಓದಿ, ‘60 ಸಾವಿರದ ಮಾಲಿಗೆ ಚಿಲ್ಲರೆ ಅಂತೀಯಲ್ಲೋ’ ಅಂದ.

ಜೊತೆಗೆ ‘ಔಟ್ ಆಫ್ ಸ್ಟಾಕ್’ಗೂ ಒಂದು ಮಾತು ಬೇಕು. ‘ಲಭ್ಯವಿಲ್ಲ’ ಬೇಡ. ಎಟಿಎಂ ಮಾತಾಡಿದ ಹಾಗಿರುತ್ತದೆ.

ಗೌರಿಬಿದನೂರು:

ಮೊದಲು ಬೇರು ನೋಡಿ. ತಮಿಳಿನಲ್ಲಿ ‘ವಿಲ್’ ಅಂದರೆ ಮಾರು. ಅದರಿಂದ ‘ವಿಲೈ’. ನಮ್ಮ ‘ಬೆಲೆ’ ಅದರ ಒಡಹುಟ್ಟು. ಅಲ್ಲಿನ ವಕಾರ ಇಲ್ಲಿ ಬಕಾರ. ಅಂದಮೇಲೆ ‘ಬೆಲೆ’ಯಲ್ಲೇ ಮಾರಾಟ ಇದೆ. ‘ಮಾರಾಟ ಬೆಲೆ’, ‘ಚಿಲ್ಲರೆ ಮಾರಾಟ ಬೆಲೆ’ ಎಲ್ಲ ಹೇಳಿದ್ದನ್ನೇ ಹೇಳುವುದು. ಮೂರಕ್ಕೂ ಅಚ್ಚಗನ್ನಡದಲ್ಲೇ ಪದ ಕಟ್ಟಬಹುದು: ನುಡಿಬೆಲೆ, ಮೇಲ್ಬೆಲೆ, ಇಂದುಬೆಲೆ. ಗ್ರಾಫಿಕ್ಸ್ ಕಾರ್ಡಿಗೆ ‘ತಿಟ್ಟಹಲಗೆ’ (ತಿಟ್ಟ ಅಂದರೆ ಚಿತ್ರ). ಒಂದು ಸಲ ಬರೆಸಿ ಹಾಕಿ, ಜನ ತಾವೇ ಕಲಿಯುತ್ತಾರೆ.

ಮಾಲೂರು:

ತಿಟ್ಟಹಲಗೆ ಕೇಳಿದರೆ ಬಡಗಿ ಅಂಗಡಿ ತೋರಿಸುತ್ತಾರೆ. ಮುಂದಕ್ಕೆ ಹೋಗೋಣ.

> ‘ಬೆಲೆ’ಯಲ್ಲೇ ಮಾರಾಟ ಇದೆ

ಇರಲಿ. ‘ನಡುಮಧ್ಯ’ದಲ್ಲಿ ಎರಡು ನಡು ಇವೆ. ಯಾರೂ ಬಿದ್ದಿಲ್ಲ.

ತುಮಕೂರಿನವರಿಗೆ: ಎರಡನೆಯದನ್ನು ಮುಟ್ಟಬೇಡಿ. ಎಂಆರ್‌ಪಿ ಅನ್ನುವುದು ಕಾನೂನಿನ ಮಾತು. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಅದು ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಂಡರೂ ತಪ್ಪು. ಕಮ್ಮಿ ತಗೊಂಡರೆ ಯಾರೂ ಕೇಳುವುದಿಲ್ಲ. ಆಮದುದಾರರು ಮೊದಲೇ ಧಾರಾಳವಾಗಿ ದೊಡ್ಡ ಅಂಕಿ ಹಾಕಿರುತ್ತಾರೆ. ಅದನ್ನು ‘ಮೇಲ್ಬೆಲೆ’ ಅಂತ ಬರೆದರೆ ಮೇಲೆ ಕೊಡಬೇಕಾದ ದುಡ್ಡು ಅಂದುಕೊಳ್ಳುತ್ತಾರೆ. ಎಂಆರ್‌ಪಿ ಅಂತಲೇ ಇರಲಿ. ಬೆಂಕಿಪೊಟ್ಟಣ ಕೊಳ್ಳುವ ಅಜ್ಜಿಗೂ ಅದು ಗೊತ್ತು.

ನಿಜವಾದ ಎಡವಟ್ಟು ಮೊದಲನೆಯದರಲ್ಲಿದೆ. ‘ಸೂಚಿತ’ ಅಂತ ಬರೆದಿದ್ದೀರಿ. ಯಾರು ಯಾರಿಗೆ ಸೂಚಿಸಿದ್ದು? ಎನ್‌ವಿಡಿಯಾ ಚಿಪ್ ಕೊಡುತ್ತದೆ. ನಿಮ್ಮ ಗೆಳೆಯ ಮಾರುವ ಕಾರ್ಡು ಏಸುಸ್, ಎಂಎಸ್‌ಐ, ಗಿಗಾಬೈಟ್, ಜೋಟ್ಯಾಕ್ ಇಂಥವರದು. ಅವರು ಫ್ಯಾನು ಜಾಸ್ತಿ ಹಾಕುತ್ತಾರೆ, ದೀಪ ಹಾಕುತ್ತಾರೆ, ಕಾರ್ಖಾನೆಯಲ್ಲೇ ವೇಗ ಏರಿಸುತ್ತಾರೆ, ದುಡ್ಡೂ ಏರಿಸುತ್ತಾರೆ. ಒಂದೇ 5070ರಲ್ಲಿ ಹತ್ತಾರು ಬಗೆ. ಕಂಪನಿ ಹೇಳಿದ್ದು ‘59,000 ರೂಪಾಯಿ’ ಅಂತ ಅಲ್ಲ, ‘59,000 ರೂಪಾಯಿಯಿಂದ ಶುರು’ ಅಂತ. ಯೂಟ್ಯೂಬಿನವರು ಆ ‘ಇಂದ’ ನುಂಗಿಬಿಟ್ಟರು. ಜಗಳ ಪೂರ್ತಿ ಆ ಒಂದು ಪಂಚಮಿ ವಿಭಕ್ತಿಯದ್ದು.

ಗೌರಿಬಿದನೂರು:

‘ಇಂದ’ ತೃತೀಯೆ. ಪಂಚಮಿಗೆ ‘ದೆಸೆಯಿಂದ’. ಶಾಲೆಯ ವ್ಯಾಕರಣ ಓದಿದವರು ಹೀಗೆ ಬರೆಯುವುದಿಲ್ಲ.

ಮಾಲೂರು:

ಸರಿ. ಫಲಕದ ಮೇಲೆ ‘59,000ದ ದೆಸೆಯಿಂದ ಶುರು’ ಅಂತ ಬರೆಸೋಣ. ಗಿರಾಕಿಗಳು ಓಡಿ ಬರುತ್ತಾರೆ.

ಮುಳಬಾಗಿಲು:

ಇಬ್ಬರೂ ಸುಮ್ನೆ ಇರಿ. ನನಗೊಂದು ಸಂದೇಹ. 5070ಕ್ಕೆ ಅಮೆರಿಕದಲ್ಲಿ 549 ಡಾಲರ್. ಡಾಲರಿಗೆ 87 ರೂಪಾಯಿ ಹಿಡಿದರೂ 47,800 ದಾಟುವುದಿಲ್ಲ. ಇಲ್ಲಿ 59,000 ಹೇಗಾಯಿತು?

ಮಾಲೂರು:

ಅಲ್ಲಿ ಹೇಳುವ ಡಾಲರಿಗೆ ತೆರಿಗೆ ಸೇರಿಲ್ಲ. ಅವರು ಬಿಲ್ ಮಾಡುವಾಗ ಆಯಾ ರಾಜ್ಯದ ತೆರಿಗೆ ಹಾಕಿಕೊಳ್ಳುತ್ತಾರೆ. ಇಲ್ಲಿ ಹೇಳುವಾಗಲೇ 18% ಜಿಎಸ್‌ಟಿ ಸೇರಿರುತ್ತದೆ. ನಿಮ್ಮ 47,800ಕ್ಕೆ ಅದು ಸೇರಿಸಿ, 56,400ರ ಹತ್ತಿರ ಬರುತ್ತದೆ. ಉಳಿದದ್ದು ಸಾಗಣೆ, ನಡುವಿನವರ ಲಾಭ, ರೂಪಾಯಿ ಬಿದ್ದರೆ ಇರಲಿ ಅಂತ ಇಟ್ಟುಕೊಂಡ ಅಂತರ. ಆದ್ದರಿಂದ ಅಮೆರಿಕದ ಎಂಎಸ್‌ಆರ್‌ಪಿಗೂ ಇಲ್ಲಿನ ಅಂಕಿಗೂ ಒಂದೇ ಪದ ಹಾಕಬಾರದು. ಒಂದು ತೆರಿಗೆ ಬಿಟ್ಟದ್ದು, ಇನ್ನೊಂದು ತೆರಿಗೆ ನುಂಗಿದ್ದು.

ತಿಪಟೂರು:

ಇಷ್ಟು ಮಾತಾಡಿ ಯಾರೂ ‘ಧಾರಣೆ’ ಅನ್ನಲಿಲ್ಲವಲ್ಲ. ಅದೂ ತುಮಕೂರು ಜಿಲ್ಲೆಯವರೇ ಕೇಳಿರುವಾಗ!

ನಮ್ಮಲ್ಲಿ ಕೊಬ್ಬರಿಗೆ ಎರಡು ಬೆಲೆ ಇದ್ದೇ ಇದೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಟೆಂಡರ್ ದಿನ ಎಪಿಎಂಸಿಯಲ್ಲಿ ಎಷ್ಟಕ್ಕೆ ಹೋಯಿತೋ ಅದು ಧಾರಣೆ. ಒಂದು ದೆಹಲಿಯಲ್ಲಿ ಕೂತು ಹೇಳಿದ್ದು, ಇನ್ನೊಂದು ಇಲ್ಲಿ ನಡೆದದ್ದು. ಧಾರಣೆ ಏರುತ್ತದೆ, ಕುಸಿಯುತ್ತದೆ, ಸ್ಥಿರವಾಗಿರುತ್ತದೆ. ಬೆಂಬಲ ಬೆಲೆ ಏರಿಸಬೇಕು, ಅದು ತಾನಾಗಿ ಏರುವುದಿಲ್ಲ. ಕ್ರಿಯಾಪದವೇ ಬೇರೆ ಬೇರೆ ನೋಡಿ. ತಿಪಟೂರಿನಲ್ಲಿ ಯಾವ ರೈತನೂ ‘ಬೆಂಬಲ ಬೆಲೆ ಇಷ್ಟಿದೆ, ನೀನ್ಯಾಕೆ ಅಷ್ಟು ಹೇಳ್ತೀಯ’ ಅಂತ ತಲೆಕೆಡಿಸಿಕೊಳ್ಳುವುದಿಲ್ಲ. ಎರಡಕ್ಕೂ ಎರಡು ಹೆಸರಿದೆ, ಅಷ್ಟೇ.

ನಿಮ್ಮ ಮೂರನೆಯದಕ್ಕೆ ‘ಇವತ್ತಿನ ಧಾರಣೆ’ ಅಂತ ಬರೆಸಿ. ಅಂಕಿಯ ಜಾಗ ಖಾಲಿ ಬಿಡಿ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಸೀಮೆಸುಣ್ಣದಲ್ಲಿ ಬರೆಯಿರಿ, ರಾತ್ರಿ ಒರೆಸಿ.

ಗೌರಿಬಿದನೂರು:

‘ಧಾರಣೆ’ ಸಂಸ್ಕೃತ. ಯೋಗದ ಎಂಟು ಅಂಗಗಳಲ್ಲಿ ಬರುತ್ತದೆ. ಮೊದಲ ಅಕ್ಷರವೇ ಮಹಾಪ್ರಾಣ, ಯಾವ ರೈತನ ಬಾಯಲ್ಲೂ ಹೊರಡುವುದಿಲ್ಲ. ‘ಖಾಲಿ’ ಅರಬ್ಬಿ. ‘ಹರಾಜು’ ಅರಬ್ಬಿ. ‘ಬಾಕಿ’ ಅರಬ್ಬಿ. ‘ದಾಸ್ತಾನು’ ಪಾರಸಿ. ನಿಮ್ಮ ಮಾರುಕಟ್ಟೆಯಲ್ಲಿ ಕನ್ನಡ ಎಲ್ಲಿದೆ?

ತಿಪಟೂರು:

‘ರೈತ’ನೂ ಅರಬ್ಬಿಯವನೇ. ಎರಡು ಸಲ ಬಳಸಿದ್ದೀರಿ. ಮೊದಲು ಅವನನ್ನು ಬಿಡಿ.

ಶಿಡ್ಲಘಟ್ಟ:

‘ಎರಡು ಸಲ’ ಅಲ್ಲ, ಒಂದೇ ಸಲ. ಇನ್ನೊಂದು ನಿಮ್ಮದು.

ಇರಲಿ. ನಮ್ಮ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಪೇಪರ್‌ನವರು ‘ಧಾರಣೆ’ ಬರೆಯುತ್ತಾರೆ, ಗೂಡು ತಂದವರು ‘ಇವತ್ತು ರೇಟ್ ಎಷ್ಟು?’ ಅಂತಾರೆ. ಬಾಯಿಮಾತು ಬೇಕಾದರೆ ‘ರೇಟು’ ಸಾಕು. ಇನ್ನೊಂದು ಅನುಮಾನ: ಧಾರಣೆ ರಾಶಿ ಸುರಿದ ಮಾಲಿಗೆ ಹೇಳುವುದಲ್ವಾ? ಕೊಬ್ಬರಿ, ಅಡಿಕೆ, ಗೂಡು. ಕೆ.ಜಿ. ಲೆಕ್ಕ, ಕ್ವಿಂಟಲ್ ಲೆಕ್ಕ. ಸೀಲು ಹಾಕಿದ ಡಬ್ಬಿಗೆ, ಅದರ ಮೇಲೆ ಸೀರಿಯಲ್ ನಂಬರ್ ಇರುವ ವಸ್ತುವಿಗೆ ಧಾರಣೆ ಅಂದರೆ ನನ್ನ ಕಿವಿಗೆ ಕೂರುವುದಿಲ್ಲ. ಸೈಕಲ್ ಧಾರಣೆ ಅಂತೀವಾ? ಇಲ್ಲ.

ತಿಪಟೂರು:

ಸೈಕಲ್ ಬೆಲೆ ದಿನಕ್ಕೊಂದು ಸಲ ಬದಲಾಗುವುದಿಲ್ಲ. ದಿನಾ ಕೇಳಿ ತಿಳಿಯಬೇಕಾದ ಬೆಲೆ ಧಾರಣೆ. ಚಿನ್ನ, ಬೆಳ್ಳಿಗೂ ಪೇಪರ್‌ನಲ್ಲಿ ಧಾರಣೆ ಅಂತಲೇ ಹಾಕುತ್ತಾರೆ. ಮಾಲು ಕಮ್ಮಿ ಬಂದ ವಾರ ಮೇಲೆ ಹೋಗುವ, ಲಾರಿ ಇಳಿದ ವಾರ ಕೆಳಗೆ ಬರುವ ಈ ಕಾರ್ಡು ಸೈಕಲ್ ಕಡೆಗೋ, ಕೊಬ್ಬರಿ ಕಡೆಗೋ? ನೀವೇ ಹೇಳಿ.

ತುಮಕೂರು:

ಧಾರಣೆ ನನಗೆ ಹಿಡಿಸಿತು. ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವರ ಮನೆಯಲ್ಲೂ ತೆಂಗಿನ ತೋಟ ಇದೆ. ‘ಇದನ್ನ ಮೊದಲೇ ಹೇಳೋದಲ್ವಾ’ ಅಂದ. ಈಗ ಮಾಲು ಇಲ್ಲದ್ದಕ್ಕೆ ಹೇಳಿ, ದಯವಿಟ್ಟು. ಅದೇ ಆರ್‌ಟಿಎಕ್ಸ್ ಸಾಲಿನ 5080, 5090 ಕಾರ್ಡು ಕೇಳುವವರೂ ಇದ್ದಾರೆ. ಜನವರಿ 30ಕ್ಕೇ ಬಿಡುಗಡೆ ಆಗಿವೆ. 5090ಕ್ಕೆ ಇಲ್ಲಿ ಹೇಳಿದ್ದು 2,14,000. ನಮ್ಮ ಊರಲ್ಲಿ ಒಂದೂ ಕಣ್ಣಿಗೆ ಬಿದ್ದಿಲ್ಲ.

ಮಾಲೂರು:

‘ಔಟ್ ಆಫ್ ಸ್ಟಾಕ್’ ಇಂಗ್ಲಿಷಿನಲ್ಲೇ ಸೋಮಾರಿ ಮಾತು. ಬಂದು ಮುಗಿಯಿತಾ, ಬರಲೇ ಇಲ್ಲವಾ, ಅದು ಹೇಳುವುದಿಲ್ಲ. ನಮ್ಮ ಕಿರಾಣಿ ಅಂಗಡಿಯವರು ಎರಡನ್ನೂ ಬೇರೆ ಬೇರೆ ಹೇಳುತ್ತಾರೆ. ಮುಗಿದಿದ್ದರೆ ‘ಆಗೋಯ್ತು’. ಬಂದಿಲ್ಲದಿದ್ದರೆ ‘ಬರಬೇಕು’. ಫಲಕಕ್ಕೆ ‘ಮುಗಿದಿದೆ’ ಮತ್ತು ‘ಬರಬೇಕು’ ಬರೆಸಿ. ‘ಬರಬೇಕು’ ಅಂದರೆ ಗಿರಾಕಿ ನಾಳೆ ಮತ್ತೆ ಬರುತ್ತಾನೆ. ‘ಲಭ್ಯವಿಲ್ಲ’ ಅಂದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಸ್ ಹತ್ತುತ್ತಾನೆ.

ಮುಳಬಾಗಿಲು:

ಕಂಪನಿ ತಾರೀಖು ಹೇಳಿ, ಅಂಗಡಿಗೆ ಮಾಲೇ ಕಳಿಸದೆ ಇರುವುದಕ್ಕೆ ಇಂಗ್ಲಿಷಿನಲ್ಲಿ ‘ಪೇಪರ್ ಲಾಂಚ್’ ಅಂತಾರೆ. ನಮ್ಮಲ್ಲಿ ಪದ ರೆಡಿ ಇದೆ: ನಾಮ್‌ಕೆವಾಸ್ತೆ ಬಿಡುಗಡೆ.

ಗೌರಿಬಿದನೂರು:

ಇದೊಂದು ಬಾಕಿ ಇತ್ತು.

ಮುಳಬಾಗಿಲು:

‘ಬಾಕಿ’ ಅರಬ್ಬಿ ಅಂತ ನೀವೇ ಹೇಳಿದ್ದು.

ಗೌರಿಬಿದನೂರು:

ನಗುವುದು ಸುಲಭ. ಕನ್ನಡ ಭಾಷಾ ಕಾಯ್ದೆಗೆ 2024ರ ತಿದ್ದುಪಡಿ ಬಂದಮೇಲೆ ಅಂಗಡಿ ಫಲಕದಲ್ಲಿ 60% ಕನ್ನಡ ಇರಲೇಬೇಕು. ನೀವು ಬರೆಸುತ್ತಿರುವುದರಲ್ಲಿ ಆರ್‌ಟಿಎಕ್ಸ್, ಎಂಆರ್‌ಪಿ, ಜಿಎಸ್‌ಟಿ, ಕಂಪನಿ, ಧಾರಣೆ. ಇದರಲ್ಲಿ 60% ತೋರಿಸಿ.

ಮಾಲೂರು:

ಆ ಕಾನೂನು ನಾಮಫಲಕಕ್ಕೆ. ಒಳಗಿನ ಗೋಡೆಯ ರೇಟ್ ಬೋರ್ಡಿಗಲ್ಲ. ಬರವಣಿಗೆ ಕನ್ನಡದಲ್ಲಿದೆಯಾ ಅಂತ ನೋಡುತ್ತಾರೆ, ಪದದ ಬೇರು ಅಗೆದು ನೋಡುವುದಿಲ್ಲ. ಪಾಲಿಕೆಯವರು ನಿಘಂಟು ಹಿಡಿದು ಬರುವ ದಿನ ನಿಮ್ಮನ್ನು ಕರೆಯುತ್ತೇವೆ.

ಶಿಡ್ಲಘಟ್ಟ:

ಹೇಳಿದ್ದಕ್ಕಿಂತ ಜಾಸ್ತಿಗೆ ಮಾರುವುದನ್ನು ‘ಕಾಳಸಂತೆ’ ಅನ್ನಬಹುದಾ? ನಮ್ಮ ಹುಡುಗರು ‘ಬ್ಲಾಕಲ್ಲಿ ಮಾರ್ತಾರೆ’ ಅಂತಾರೆ. ಒಂದು ಅಂಗಡಿಯಲ್ಲಿ ಕಾರ್ಡು ಬೇಕಾದರೆ ಅವರದೇ ಪವರ್ ಸಪ್ಲೈಯನ್ನೂ ತಗೊಳ್ಳಿ ಅಂದರಂತೆ. ಅಂಗಡಿ ಹೆಸರು ಬೇಡ.

ಮಾಲೂರು:

ಎಂಆರ್‌ಪಿ ಒಳಗೆ ಎಷ್ಟಕ್ಕೆ ಮಾರಿದರೂ ಅದು ವ್ಯಾಪಾರ. ದಾಟಿದರೆ ದೂರು ಕೊಡಿ. ‘ಕಾಳಸಂತೆ’ ಅಂತ ಗೋಡೆ ಮೇಲೆ ಬರೆದರೆ ಪಕ್ಕದ ಅಂಗಡಿಯವನು ಜಗಳಕ್ಕೆ ಬರುತ್ತಾನೆ. ಜೊತೆಗೆ ಕಟ್ಟಿ ಮಾರುವುದಕ್ಕೆ ಗೊಬ್ಬರದ ಅಂಗಡಿಯ ‘ಲಿಂಕ್’ ಪದ ಆಗಲೇ ಇದೆ. ಯೂರಿಯಾ ಬೇಕಾದರೆ ಇದನ್ನೂ ತಗೋ ಅನ್ನುತ್ತಾರಲ್ಲ, ಅದು.

ತುಮಕೂರು:

ಎಲ್ಲರಿಗೂ ಥ್ಯಾಂಕ್ಸ್. ಬರೆಯುವವರು ಬಣ್ಣ ಕಲಸಿಕೊಂಡು ಕೂತಿದ್ದಾರೆ. ಇಷ್ಟು ಕೊಟ್ಟೆ:

ಆರ್‌ಟಿಎಕ್ಸ್ 5070, 12 ಜಿಬಿ
ಕಂಪನಿ ಸಾರಿದ ಬೆಲೆ: 59,000ದಿಂದ ಮೇಲಕ್ಕೆ
ಎಂಆರ್‌ಪಿ: ಡಬ್ಬಿ ನೋಡಿ
ಇವತ್ತಿನ ಧಾರಣೆ, ಜಿಎಸ್‌ಟಿ ಸೇರಿ: ………
ಆರ್‌ಎಕ್ಸ್ 9070 ಎಕ್ಸ್‌ಟಿ, 16 ಜಿಬಿ: ಬರಬೇಕು

ಗೌರಿಬಿದನೂರು:

‘ಸಾರಿದ’ ಒಪ್ಪಿದೆ. ಉಳಿದದ್ದು ಒಪ್ಪಿಲ್ಲ. ಜಿಎಸ್‌ಟಿಯನ್ನು ‘ಸರಕು ತೆರಿಗೆ’ ಅಂತ ಬರೆಯಬಹುದಿತ್ತು. ‘ತೆರಿಗೆ’ ‘ತೆರು’ವಿನಿಂದ ಬಂದದ್ದು, ‘ಸರಕು’ ತಮಿಳಿನಲ್ಲೂ ಇದೆ. ಎರಡೂ ನಮ್ಮವೇ.

ತುಮಕೂರು:

ಜಾಗ ಇಲ್ಲ ಸಾರ್. ಮೂರಡಿ ಹಲಗೆ.

ಮುಳಬಾಗಿಲು:

ಮಗನಿಗೆ ಒಂದು 5070 ಬೇಕಿತ್ತು. ತುಮಕೂರಿಗೆ ಬರಲಾ, ಎಸ್.ಪಿ. ರಸ್ತೆಗೇ ಹೋಗಲಾ?

ತುಮಕೂರು:

ನಿಮಗೆ ಎಸ್.ಪಿ. ರಸ್ತೆಯೇ ಹತ್ತಿರ. ಎಲ್ಲಿ ತಗೊಂಡರೂ ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬಿಯ ನಂಬರಿಗೆ ತಾಳೆ ನೋಡಿ. ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ. ಬಿಲ್ ಬೇಡ ಅಂದರೆ ಸಾವಿರ ಕಮ್ಮಿ ಮಾಡ್ತೀನಿ ಅಂದರೆ ಮುಂದಿನ ಅಂಗಡಿಗೆ ಹೋಗಿ.