ಸಹಾಯ ಬೇಕು: ಸಿಯೆರಾ ಚಾರಣಕ್ಕೆ ಸಸ್ಯಾಹಾರಿ ಬುತ್ತಿ

ಎಲ್ಲರಿಗೂ ನಮಸ್ಕಾರ. ನಾನಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆ. ಮುಂದಿನ ವರ್ಷ ಇಲ್ಲಿನ ಸಿಯೆರಾ ನೆವಾಡಾ ಬೆಟ್ಟಸಾಲಿನ ಜಾನ್ ಮ್ಯೂರ್ ಟ್ರೇಲ್ ಪೂರ್ತಿ ನಡೀಬೇಕು ಅಂತಿದೆ, ಯೊಸೆಮಿಟಿಯಿಂದ ಮೌಂಟ್ ವಿಟ್ನಿವರೆಗೆ ಸುಮಾರು 340 ಕಿ.ಮೀ. ತಾಲೀಮಿಗೆ ಅಂತ ಈ ಜುಲೈ ಕೊನೆಗೆ ಆನಿಯನ್ ವ್ಯಾಲಿಯಿಂದ ಕಿಯರ್‌ಸಾರ್ಜ್ ಪಾಸ್ ದಾಟಿ ರೇ ಲೇಕ್ಸ್‌ಗೆ ಹೋಗ್ತಿದೀವಿ. ನಡುವೆ ಸಿಗೋ ಗ್ಲೆನ್ ಪಾಸ್ 3,650 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಮ್ಮಿ ಎರಡರಷ್ಟು!

ಪರ್ಮಿಟ್ ಸಿಕ್ಕಿದೆ. ತಲೆನೋವು ಕರಡಿ ಡಬ್ಬದ್ದು, ಅಂದ್ರೆ ಕರಡಿಗೆ ತೆಗೆಯೋಕಾಗದ ಹಾಗೆ ಊಟ ಇಡೋ ಗಟ್ಟಿ ಡಬ್ಬ. ಆ ಭಾಗದಲ್ಲಿ ಅದು ಕಡ್ಡಾಯ, ಖಾಲಿ ಡಬ್ಬವೇ ಒಂದು ಕೆ.ಜಿ. ಆಸುಪಾಸು ತೂಗುತ್ತೆ. ಊಟ ಅಷ್ಟೇ ಅಲ್ಲ, ಟೂತ್‌ಪೇಸ್ಟು, ಸನ್‌ಸ್ಕ್ರೀನು, ಕಸದ ಕವರು ಎಲ್ಲಾ ಅದರೊಳಗೇ ಹೋಗಬೇಕು. ಅವಲಕ್ಕಿ ಹಾಕಿದ್ರೆ ಅರ್ಧ ಡಬ್ಬ ಅದೇ ನುಂಗುತ್ತೆ. ಹುರಿಹಿಟ್ಟು, ಶೇಂಗಾ ಚಟ್ನಿಪುಡಿ, ತುಪ್ಪದಲ್ಲಿ ಹುರಿದ ರವೆ ಒತ್ತಿ ತುಂಬಿದ್ರೆ ಕೂರುತ್ತೆ. ಹಸಿ ಬೇಳೆ ಲಿಸ್ಟಿಂದ ತೆಗೆದೆ, ಆ ಎತ್ತರದಲ್ಲಿ ನೀರು 90 ಡಿಗ್ರಿ ಹತ್ತಿರಕ್ಕೇ ಕುದಿಯೋದ್ರಿಂದ ಬೇಯೋಷ್ಟರಲ್ಲಿ ಗ್ಯಾಸ್ ಖಾಲಿ.

ಬಿಸಿಬೇಳೆಬಾತ್ ಮನೇಲೇ ಮಾಡಿ, ಡಿಹೈಡ್ರೇಟರ್‌ನಲ್ಲಿ ಒಣಗಿಸಿ ಒಯ್ದವರು ಯಾರಾದ್ರೂ ಇದ್ದೀರಾ? ಬಿಸಿನೀರಲ್ಲಿ ಎಷ್ಟು ಹೊತ್ತು ನೆನೆಸ್ತೀರಿ? ಬೇಳೆ ಮೆತ್ತಗಾಗುತ್ತಾ, ಇಲ್ಲಾ ಹಲ್ಲಿಗೆ ಸಿಗುತ್ತಾ? ತುಪ್ಪ ಮೊದಲೇ ಹಾಕಿ ಒಣಗಿಸಿದ್ರೆ ಕಮಟು ವಾಸನೆ ಬರುತ್ತೆ ಅಂತಾರೆ, ಅದನ್ನ ಬೇರೆ ಒಯ್ಯೋದಾ?

ಇನ್ನೊಂದು: ಜೊತೆಗೆ ಬರ್ತಿರೋ ತಮ್ಮನಿಗೆ ಎತ್ತರ ಅಂದ್ರೆ ತಲೆಸಿಡಿತ. ಆನಿಯನ್ ವ್ಯಾಲಿ ಸುಮಾರು 2,800 ಮೀಟರ್. ಅಲ್ಲಿ ಒಂದು ರಾತ್ರಿ ಮಲಗಿ ಹತ್ತಿದ್ರೆ ಸಾಕಾ, ಎರಡು ರಾತ್ರಿ ಬೇಕಾ?

ಶೂ, ಟೆಂಟ್ ಸಲಹೆ ಬೇಡ ಮಾರಾಯ್ರೇ, ಅದು ಬೇಕಾದಷ್ಟಾಗಿದೆ. ಊಟದ್ದು ಹೇಳಿ.