ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ54 ಬಿಟ್ಟು ಎ56 ತಗೊಂಡ್ರ ಲಾಭ ಐತೇನ್ರಿ? (ಸೀರಿ ಫೋಟೋ, ವಾಟ್ಸ್‌ಆ್ಯಪ್ ವ್ಯಾಪಾರಕ್ಕ)

ಇಳಕಲ್_ಸೀರಿ:
ನಮಸ್ಕಾರ್ರಿ. ಇಳಕಲ್ಲಿನ ಸೀರಿ ಅಂಗಡಿಯೊಳಗ ಬಳಸೋ ಫೋನು ಎ54, 8 ಜಿಬಿ/128 ಜಿಬಿ. ಸೀರಿ ಫೋಟೋ ತಗದು ಗಿರಾಕಿಗಳಿಗೆ ವಾಟ್ಸ್‌ಆ್ಯಪ್ ಮಾಡೋದು, ಯುಪಿಐ, ನಡುನಡುವ ವಿಡಿಯೋ ಕಾಲ್, ಇಷ್ಟ ಕೆಲಸ. ಎಕ್ಸ್‌ಚೇಂಜ್‌ನ್ಯಾಗ ಎ56 ತಗೊಳ್ಳೋ ವಿಚಾರ ಐತಿ. ಬೇಕಾಗಿದ್ದು ಮೂರು: ತೋಪ್ ತೆನಿ (ಸಾಲು ಗೋಪುರದಂಥ ವಿನ್ಯಾಸ) ಸೆರಗಿನ ಕೆಂಪು ಇದ್ದಂಗ ಬರಬೇಕು, ಬ್ಯಾಟರಿ ಅಂಗಡಿ ಮುಚ್ಚೋತನಕ ಸಾಕಾಗಬೇಕು, ಜಾಗ ಸಾಲಬೇಕು. ಎರಡೂ ಸಿಮ್ ಬಳಕಿಯೊಳಗ ಅದಾವ. ಹೊಸದು ತಗೊಂಡ್ರ ಮೂರೂ ಬಗೀಹರಿತಾವೇನ್ರಿ?

ಬೆಳಗಾವಿ_ಲೆನ್ಸ್:
ಬಣ್ಣದ ಸಲುವಾಗಿ ಅಂದ್ರ ಬ್ಯಾಡ್ರಿ. ಎರಡರಾಗೂ ಮೇನ್ ಕ್ಯಾಮೆರಾ 50 ಮೆಗಾಪಿಕ್ಸೆಲ್, ಓಐಎಸ್ (ಕೈ ಅಲುಗಿದ್ರೂ ಫೋಟೋ ಮಸುಕಾಗದಂಗ ತಡಿಯೋದು) ಐತಿ. ಅಲ್ಟ್ರಾವೈಡ್ (ಅಗಲ ನೋಟದ್ದು) 12, ಮ್ಯಾಕ್ರೋ (ಭಾಳ ಹತ್ರದ್ದು) 5. ಟೆಲಿಫೋಟೋ (ದೂರದ್ದು) ಎರಡರಾಗೂ ಇಲ್ಲ. ಪ್ರೊಸೆಸರ್ ಎಕ್ಸಿನಾಸ್ 1380 ಇದ್ದದ್ದು 1580 ಆಗೇತಿ, ಅದರಿಂದ ಕತ್ತಲದ ಫೋಟೋ ಸುಧಾರಿಸ್ತಾವ, ಆದ್ರ ಸೆರಗಿನ ಕೆಂಪು ಕೆಡೋದು ಬೆಳಕಿನಿಂದ.

ಅಂಗಡಿಯೊಳಗ ಹಳದಿ ಬಲ್ಬು, ಬಿಳೀ ಎಲ್‌ಇಡಿ, ಬಾಗಿಲದಿಂದ ಬಿಸಿಲು ಮೂರೂ ಕೂಡಿದ್ರ ಯಾವ ಫೋನಿನ ಆಟೋ ವೈಟ್ ಬ್ಯಾಲೆನ್ಸೂ (ಬಿಳೀದು ಬಿಳೀನ ಕಾಣೋಹಂಗ ಫೋನು ತಾನ ಬಣ್ಣ ಹೊಂದಿಸೋದು) ತಪ್ಪತೈತಿ. ಮ್ಯಾಲ ಗಾಢ ಕೆಂಪು ರೇಷ್ಮಿ ಬ್ಯಾರೆ ಬಣ್ಣಕ್ಕಿಂತ ಮೊದಲ ತುಂಬಿ ಹೋಗತೈತಿ, ನೇಯ್ಗಿ ಕಾಣದ ಒಂದ ಗಡ್ಡಿ ಕೆಂಪಾಗಿ ಬರ್ತೈತಿ. ಹಿಂಗ ಮಾಡಿ ನೋಡ್ರಿ: ಲೈಟ್ ಎಲ್ಲಾ ಆರಿಸಿ, ನೇರ ಬಿಸಿಲು ಬೀಳದ ಕಿಟಕಿ ಬಾಜೂ ಸೀರಿ ಹಾಸ್ರಿ. ಕ್ಯಾಮೆರಾ ಸೆಟಿಂಗ್ಸ್‌ನ್ಯಾಗ ಸೀನ್ ಆಪ್ಟಿಮೈಸರ್ (ಫೋನು ತಾನ ಫೋಟೋದ ಬಣ್ಣ ತಿದ್ದೋದು) ಆಫ್ ಮಾಡ್ರಿ. ಪ್ರೋ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸ್ 5200 ಕೆಲ್ವಿನ್ ಸುತ್ತಮುತ್ತ ಇಟ್ಟು, ಸೀರಿ ಪಕ್ಕ ಒಂದು ಬಿಳೀ ಹಾಳಿ ಇಡ್ರಿ; ಹಾಳಿ ನೀಲಿ ಕಂಡ್ರ ಏರಸ್ರಿ, ಹಳದಿ ಕಂಡ್ರ ಇಳಸ್ರಿ. ಎಕ್ಸ್‌ಪೋಷರ್ (ಫೋಟೋದ ಬೆಳಕು) -0.3ರಿಂದ -0.7, ಸೆರಗಿನ ಎಳಿ ಎದ್ದು ಕಾಣೋತನಕ.

ಇನ್ನೊಂದು, ಇದನ್ನ ಭಾಳ ಮಂದಿ ನೋಡಂಗೇ ಇಲ್ಲ. ಡಿಸ್‌ಪ್ಲೇ ಸೆಟಿಂಗ್ಸ್‌ನ್ಯಾಗ ಸ್ಕ್ರೀನ್ ಮೋಡ್ ‘ವಿವಿಡ್’ ಇದ್ರ ನಿಮ್ಮ ಪರದಿ ಮ್ಯಾಲ ಕೆಂಪು ಮೊದಲ ಉಬ್ಬಿರತೈತಿ. ‘ನ್ಯಾಚುರಲ್’ ಮಾಡಿ, ಆಮ್ಯಾಲ ಸೀರಿ ಬಾಜೂ ಇಟ್ಟು ಹೋಲಿಸ್ರಿ. ಕಳಿಸುವಾಗ ಎಚ್‌ಡಿ ಒತ್ರಿ. ಬಾರ್ಡರ್ ಪೂರ್ಣ ಸ್ಪಷ್ಟ ಬೇಕಂದ್ರ ಡಾಕ್ಯುಮೆಂಟ್ ಅಂತ ಕಳಸ್ರಿ, ಯಾಕಂದ್ರ ಫೋಟೋ ಅಂತ ಕಳಿಸಿದ್ದನ್ನ ವಾಟ್ಸ್‌ಆ್ಯಪ್ ಕುಗ್ಗಿಸೇ ಕುಗ್ಗಿಸ್ತೈತಿ.

ವಿಜಯಪುರ_ರಿಪೇರಿ:
ಬ್ಯಾಟರಿ ಎರಡರಾಗೂ 5000 ಎಂಎಎಚ್. ಹೊಸದರ ಬ್ಯಾಟರಿ ಹೆಚ್ಚು ಬಂದ್ರ ಅರ್ಧ ಕಾರಣ ಅದು ಸವದಿಲ್ಲ ಅನ್ನೋದ. ಮೊದಲು ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್ ತೆರದು ಫೋನ್ ಡಯಾಗ್ನೋಸ್ಟಿಕ್ಸ್‌ನ್ಯಾಗ ಬ್ಯಾಟರಿ ಸ್ಟೇಟಸ್ ನೋಡ್ರಿ. ‘ವೀಕ್’ ಅಂತ ಬಂದ್ರ ಬ್ಯಾಟರಿ ಬದಲಿಸಿದ್ರ ಸಾಕು. ಆದ್ರ ಬೆನ್ನಿನ ಗ್ಲಾಸು ಅಂಟಿನ ಮ್ಯಾಲ ಕೂತಿರತೈತಿ. ಬಿಚ್ಚಿದಮ್ಯಾಲ ಹೊಸ ಅಂಟು ಸರಿಯಾಗಿ ಹಾಕದಿದ್ರ ಐಪಿ67 ನೀರಿನ ರಕ್ಷಣೆ ಹೋತು ಅಂತ ತಿಳಕೊಳ್ರಿ. ಬೆನ್ನು ಉಬ್ಬಿದ್ರ ಮಾತ್ರ ಒತ್ತಬ್ಯಾಡ್ರಿ, ಚಾರ್ಜಿಗೂ ಹಚ್ಚಬ್ಯಾಡ್ರಿ.

ನಮ್ಮ ಕಡೆ ಬ್ಯಾಟರಿ ಕೊಲ್ಲೋದು ಬ್ಯಾಸಗಿ. 40 ಡಿಗ್ರಿ ಬಿಸಿಲಾಗ ಬೈಕಿನ ಹೋಲ್ಡರ್‌ದಾಗ ಮ್ಯಾಪ್ ಹಚ್ಚಿ, ಜೋಡೀಲೆ ಚಾರ್ಜ್ ಮಾಡಿದ್ರ ಯಾವ ಕಂಪನಿದೂ ತಡಿಯಂಗಿಲ್ಲ. ಬ್ಯಾಟರಿ ಪ್ರೊಟೆಕ್ಷನ್ ‘ಮ್ಯಾಕ್ಸಿಮಮ್’ ಇಟ್ರ 80%ಕ್ಕ ಚಾರ್ಜ್ ನಿಲ್ಲತೈತಿ. ದಿನಪೂರ್ತಿ ಗಲ್ಲೆದಾಗ ಕೂಡೋ ಫೋನಿಗೆ ಅದ ಛಲೋ.

ಜಾಗದ್ದು ಲಕ್ಷ್ಯ ಕೊಡ್ರಿ. ಎ54ದೊಳಗ ಹೈಬ್ರಿಡ್ ಸ್ಲಾಟ್: ಎರಡನೇ ಸಿಮ್ ತಗದ್ರ ಮೆಮೊರಿ ಕಾರ್ಡ್ ಕೂಡತೈತಿ. ಎ56ದೊಳಗ ಕಾರ್ಡ್ ಸ್ಲಾಟೇ ಇಲ್ಲ! 128 ಜಿಬಿದು ತಗೊಂಡ್ರ ಇದ್ದ ತಾಪತ್ರಯನ ಮತ್ತ ದುಡ್ಡು ಕೊಟ್ಟು ತಂದಂಗ. ಈಗ ವಾಟ್ಸ್‌ಆ್ಯಪ್ ಸೆಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್‌ಗೆ ಹೋಗಿ 5 ಎಂಬಿಗಿಂತ ದೊಡ್ಡವನ್ನ ತಗೀರಿ, 20 ಜಿಬಿ ಆದ್ರೂ ಖಾಲಿ ಇಟ್ಕೊಳ್ರಿ. ತುಂಬಿದ ಸ್ಟೋರೇಜ್‌ನ್ಯಾಗ ಬರಿಯೋ ವೇಗ ಬೀಳತೈತಿ, ಅದನ್ನ ಮಂದಿ ‘ಫೋನ್ ಹಳೇದಾತು’ ಅಂತಾರ.

ಇಳಕಲ್_ಸೀರಿ:
ಭಾಳ ಉಪಕಾರ ಆತ್ರಿ. ಹಂಗಾದ್ರ ಎ56 ಯಾರಿಗೆ ಲಾಭ? ಅಪ್‌ಡೇಟ್ ನಿಂತ್ರ ಯುಪಿಐ ಬಂದ್ ಆಗತೈತಿ ಅಂತಾರಲ್ರಿ?

ಬಾಗಲಕೋಟೆ_ಟೆಕ್:
ಅಪ್‌ಡೇಟ್ ನಿಂತ ದಿನವೇ ಯುಪಿಐ ನಿಲ್ಲುವುದಿಲ್ಲ. ಆ್ಯಪ್‌ಗಳು ಹಳೆಯ ಆಂಡ್ರಾಯ್ಡ್ ಆವೃತ್ತಿಗಳನ್ನು ನಿಧಾನವಾಗಿ ಕೈಬಿಡುತ್ತವೆ. ಆದರೆ ಸೆಕ್ಯುರಿಟಿ ಪ್ಯಾಚ್ (ಸುರಕ್ಷತೆಯ ಲೋಪ ಮುಚ್ಚುವ ಅಪ್‌ಡೇಟ್) ಬಾರದ ಫೋನಿನಲ್ಲಿ ಅಂಗಡಿಯ ಹಣ ಇಡುವುದು ನನಗೆ ಸರಿ ಕಾಣುವುದಿಲ್ಲ. 2023ರ ಮಾರ್ಚ್‌ನಲ್ಲಿ ಬಂದ ಎ54ಕ್ಕೆ ಕಂಪನಿ ಕೊಟ್ಟ ಮಾತು ನಾಲ್ಕು ಆಂಡ್ರಾಯ್ಡ್ ಆವೃತ್ತಿ, ಐದು ವರ್ಷ ಸೆಕ್ಯುರಿಟಿ, ಅಂದರೆ 2028ರವರೆಗೆ. 2025ರ ಎ56ಕ್ಕೆ ಎರಡೂ ಆರು, 2031ರವರೆಗೆ. ಹಾಗಾಗಿ ಎ32, ಎ22ನಂಥ ಹಳೆಯ ಫೋನ್ ಇಟ್ಟುಕೊಂಡವರಿಗೆ ಎ56 ಖಂಡಿತ ಲಾಭ. ನಿಮಗೆ ಈಗ ಅಲ್ಲ. ನಿಮ್ಮ ಪರದೆ ಒಡೆದು, ರಿಪೇರಿ ಖರ್ಚು ಎಕ್ಸ್‌ಚೇಂಜ್ ಬೆಲೆಯ ಹತ್ತಿರ ಬಂದರೆ ಲೆಕ್ಕ ಬದಲಾಗುತ್ತದೆ, ಆಗ 256 ಜಿಬಿಯದನ್ನೇ ತಗೊಳ್ಳಿ. 45 ವ್ಯಾಟ್ ಚಾರ್ಜರ್ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅಡಾಪ್ಟರ್ ಜೊತೆ 5 ಆಂಪಿಯರ್ ಕೇಬಲ್ಲೂ ಬೇಕು, ಸಾದಾ ಕೇಬಲ್‌ನಲ್ಲಿ ಆ ವೇಗ ಸಿಗದು.

ಬದಲಿಸುವ ದಿನ ಬಂದಾಗ ವ್ಯಾಪಾರ ಕಡಿಮೆ ಇರುವ ದಿನ ನೋಡಿಕೊಳ್ಳಿ. ಹೊಸ ಫೋನಿನಲ್ಲಿ ಯುಪಿಐ ಮತ್ತೆ ನೋಂದಣಿ ಆಗಬೇಕು. ಬ್ಯಾಂಕಿಗೆ ಸೇರಿದ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕಾದ್ದರಿಂದ ಅದರಲ್ಲಿ ಬ್ಯಾಲೆನ್ಸ್ ಇರಲಿ. ಮೊದಲ 24 ತಾಸು ಹಲವು ಬ್ಯಾಂಕುಗಳು ಹಣ ಕಳಿಸಲು 5,000 ರೂಪಾಯಿ ಮಿತಿ ಇಡುತ್ತವೆ, ನೇಕಾರರಿಗೆ ದೊಡ್ಡ ಮೊತ್ತ ಕೊಡುವುದಿದ್ದರೆ ಹಿಂದಿನ ದಿನವೇ ಕೊಟ್ಟುಬಿಡಿ. ಹಳೆಯದನ್ನು ರೀಸೆಟ್ ಮಾಡುವ ಮೊದಲು ಗೂಗಲ್, ಸ್ಯಾಮ್‌ಸಂಗ್ ಖಾತೆ ಎರಡನ್ನೂ ತೆಗೆಯಿರಿ, ಇಲ್ಲದಿದ್ದರೆ ಫೋನ್ ಲಾಕ್ ಆಗಿ ಎಕ್ಸ್‌ಚೇಂಜ್‌ನವರು ತಿರುಗಿ ಕಳಿಸುತ್ತಾರೆ.