‘ಪ್ರಾಯೋಗಿಕ ವಿಡಿಯೋ’ ಅಂದ್ರೆ ಟ್ರಯಲ್ ವಿಡಿಯೋನಾ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು.

ಗೆಳೆಯನ ಬ್ಯಾಂಡಿನ ಒಂದು ಹಾಡಿಗೆ ಮ್ಯೂಸಿಕ್ ವಿಡಿಯೋ ಮಾಡಲು ಹೊರಟಿದ್ದೇವೆ. ಕಥೆ ಇಲ್ಲ, ನಾಯಕ ನಾಯಕಿ ಇಲ್ಲ, ಸಾಹಿತ್ಯದಲ್ಲಿ ಮಳೆ ಅಂತ ಬಂದ ಕೂಡಲೇ ಮಳೆ ತೋರಿಸುವುದೂ ಇಲ್ಲ. ಏನೇನು ಮಾಡ್ತೀವಿ ಅಂತ ಎರಡು ಪುಟ ಬರೆದು ತಂಡದವರಿಗೆ ಕಳಿಸಿದೆ. ಮೇಲೆ ‘ಒಂದು ಪ್ರಾಯೋಗಿಕ ಮ್ಯೂಸಿಕ್ ವಿಡಿಯೋ’ ಅಂತ ಹಾಕಿದ್ದೆ. ಡ್ರಮ್ಸ್ ನುಡಿಸುವವನು ಪೂರ್ತಿ ಓದಿ ಕೇಳಿದ್ದು ಒಂದೇ ಪ್ರಶ್ನೆ: ‘ಸರಿ, ನಿಜವಾದ ವಿಡಿಯೋ ಯಾವಾಗ ಮಾಡ್ತೀರ?’

ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ ತಪ್ಪು ಅವನದಲ್ಲ. ಪ್ರಾಯೋಗಿಕ ಪರೀಕ್ಷೆ ಅಂದರೆ ಪ್ರಾಕ್ಟಿಕಲ್ಸ್. ರೈಲಿನ ಪ್ರಾಯೋಗಿಕ ಸಂಚಾರ ಅಂದರೆ ಟ್ರಯಲ್. ಒಂದು ಯೋಜನೆಯನ್ನು ‘ಪ್ರಾಯೋಗಿಕವಾಗಿ’ ಜಾರಿ ಮಾಡಿದ್ದೇವೆ ಅಂದರೆ ಸದ್ಯಕ್ಕೆ ಮಾಡಿ ನೋಡೋಣ, ಸರಿಹೋಗದಿದ್ದರೆ ಬಿಡೋಣ ಅಂತ. ನನಗೆ ಬೇಕಾದ ಅರ್ಥ ಇಂಗ್ಲಿಷಿನವರು ‘ಎಕ್ಸ್‌ಪೆರಿಮೆಂಟಲ್’ ಅಂತಾರಲ್ಲ ಅದು, ಇದ್ಯಾವುದೂ ಅಲ್ಲ. ವ್ಯಾಕರಣ ನೋಡಿದರೆ ಪದದಲ್ಲಿ ತಪ್ಪಿಲ್ಲ, ಸಮಾಜಕ್ಕೆ ‘ಇಕ’ ಸೇರಿ ಸಾಮಾಜಿಕ ಆದ ಹಾಗೆ ಪ್ರಯೋಗ ಪ್ರಾಯೋಗಿಕ ಆಗಿದೆ, ಅಷ್ಟೇ. ಆದರೆ ಬಳಕೆ ಬೇರೆ ದಾರಿ ಹಿಡಿದುಬಿಟ್ಟಿದೆ.

ನಾವು ಮಾಡಹೊರಟಿದ್ದು ಏನು ಅಂತ ಸ್ವಲ್ಪ ಹೇಳ್ತೀನಿ, ಆಗ ಪದ ಹುಡುಕುವುದು ಸುಲಭ. ಚಿತ್ರೀಕರಣದ ಹೊತ್ತಿಗೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕುತ್ತೇವೆ, ಹಾಡುವವಳು ಆ ವೇಗಕ್ಕೇ ತುಟಿ ಆಡಿಸಬೇಕು, ಕ್ಯಾಮೆರಾ ಸೆಕೆಂಡಿಗೆ 48 ಫ್ರೇಮ್, ಅಂದರೆ 48 ಬಿಡಿ ಚಿತ್ರ, ಹಿಡಿಯುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ತುಟಿ ಮೂಲ ಹಾಡಿಗೆ ಸರಿಯಾಗಿ ಕೂರುತ್ತದೆ, ಆದರೆ ಕೂದಲು, ಬಟ್ಟೆ, ಮೇಲಿಂದ ಬೀಳುವ ಕಾಗದದ ಚೂರು ಎಲ್ಲ ನೀರಿನೊಳಗೆ ಇದ್ದ ಹಾಗೆ ನಿಧಾನ. ಇನ್ನೊಂದು ಕಡೆ ಕಟ್‌ಗಳದ್ದೇ ಆಟ. ಹಾಡಿನ ವೇಗ ನಿಮಿಷಕ್ಕೆ 120 ಬೀಟ್, ಅಂದರೆ 12 ಫ್ರೇಮಿಗೆ ಒಂದು. ನಾವು ಬೇಕಂತಲೇ 11 ಫ್ರೇಮಿಗೆ ಕಟ್ ಮಾಡ್ತೀವಿ. ಚಿತ್ರ ಮೆಲ್ಲಗೆ ತಾಳ ತಪ್ಪುತ್ತಾ ಹೋಗಿ ಐದೂವರೆ ಸೆಕೆಂಡಿಗೊಮ್ಮೆ ಮತ್ತೆ ಬೀಟಿಗೆ ಬಂದು ಕೂಡುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ಟ್ರಯಲ್ ಅನ್ನಿಸಿಕೊಂಡರೆ ಹೊಟ್ಟೆ ಉರಿಯುತ್ತೆ ಅಲ್ವಾ? 1930ರ ದಶಕದಲ್ಲಿ ನ್ಯೂಜಿಲೆಂಡ್ ಮೂಲದ ಕಲಾವಿದ ಲೆನ್ ಲೈ ಕ್ಯಾಮೆರಾನೇ ಇಲ್ಲದೆ ಫಿಲ್ಮಿನ ಮೇಲೆ ನೇರವಾಗಿ ಬಣ್ಣ ಬಳಿದು ಸಂಗೀತಕ್ಕೆ ಕುಣಿಸಿದ. ಅದೂ ಪೂರ್ತಿ ಮುಗಿದ ಕೃತಿಯೇ, ಮುಂದಿನ ಯಾವುದಕ್ಕೋ ತಾಲೀಮಲ್ಲ.

‘ಪ್ರಯೋಗಾತ್ಮಕ’ ಇದೆ, ಸಿನಿಮಾ ಬರಹಗಳಲ್ಲಿ ಕಾಣುತ್ತದೆ. ಅರ್ಥ ಸರಿ. ಆದರೆ ಬಾಯಿಗೆ ಭಾರ, ಜೊತೆಗೆ ನನ್ನ ಕಿವಿಗೆ ಅದು ‘ನೋಡೋದು ಕಷ್ಟ’ ಅನ್ನುವುದನ್ನು ಮರ್ಯಾದೆಯಾಗಿ ಹೇಳಿದ ಹಾಗೆ ಕೇಳಿಸುತ್ತದೆ. ‘ಪ್ರಯೋಗಶೀಲ’ ಮನುಷ್ಯರಿಗೆ ಒಪ್ಪುತ್ತದೆ, ಪ್ರಯೋಗಶೀಲ ನಿರ್ದೇಶಕಿ ಅನ್ನಬಹುದು, ವಿಡಿಯೋಗೆ ಎಲ್ಲಿಯ ಶೀಲ? ‘ಹೊಸ ಬಗೆಯ’ ಅಂತ ಎಲ್ಲರೂ ಹೇಳಿಕೊಳ್ತಾರೆ, ಬೇಡ.

ವಿಶೇಷಣದ ಸಹವಾಸವೇ ಬಿಟ್ಟು ‘ಒಂದು ವಿಡಿಯೋ ಪ್ರಯೋಗ’ ಅಂದರೆ ಹೇಗೆ? ನನ್ನ ಒಲವು ಸದ್ಯ ಈ ಕಡೆಗೇ. ಅಡ್ಡಿ ಏನಂದರೆ ನಾಟಕದವರಿಗೆ ಪ್ರಯೋಗ ಅಂದರೆ ಪ್ರದರ್ಶನ, ‘ನೂರನೇ ಪ್ರಯೋಗ’ ಅಂತಾರಲ್ಲ ಹಾಗೆ. ವ್ಯಾಕರಣದವರಿಗೆ ಕರ್ತರಿ, ಕರ್ಮಣಿ ನೆನಪಾಗುತ್ತವೆ. ಡ್ರಮ್ಸ್‌ನವನಿಗೆ ಹೇಳಿದೆ, ‘ಯಾರ ಮೇಲೆ ಪ್ರಯೋಗ?’ ಅಂದ. ಅವನನ್ನು ಇನ್ನು ಕೇಳುವುದಿಲ್ಲ.

ಹಾಗಾಗಿ ಪ್ರಶ್ನೆ ಇಷ್ಟು. ಕಲೆಯ ಸಂದರ್ಭದಲ್ಲಿ ‘ಪ್ರಾಯೋಗಿಕ’ ಅಂದರೆ ನಿಮಗೂ ಟ್ರಯಲ್ ಅಂತಲೇ ಕೇಳಿಸುತ್ತಾ, ಅಥವಾ ಇದು ನಮ್ಮ ತಂಡದ ಕಾಯಿಲೆಯಾ? ‘ಪ್ರಯೋಗಾತ್ಮಕ’ಕ್ಕಿಂತ ಹಗುರವಾದ ಪದ ಯಾರಾದರೂ ಬಳಸಿದ್ದೀರಾ? ಇನ್ನೊಂದು, ಮೇಲೆ ಹೇಳಿದ ತುಟಿಯ ತಂತ್ರಕ್ಕೆ ‘ನಿಧಾನ ಚಲನೆ’ ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ, ಅದಕ್ಕೂ ಏನಾದರೂ ಹೊಳೆದರೆ ತಿಳಿಸಿ.

ತಲೆಬರಹ ತೆರೆಯ ಮೇಲೆ ಇರುವುದು 36 ಫ್ರೇಮ್ ಮಾತ್ರ, ಅಂದರೆ ಒಂದೂವರೆ ಸೆಕೆಂಡು. ಅಷ್ಟರೊಳಗೆ ಓದಿ ಮುಗಿಯಬೇಕು.